ಕೊಟ್ಟಿಗೆಯ ಹಾಸು

(ವ್ಯವಸಾಯದ ಇನ್‌ಸ್ಪೆಕ್ಟರೊಬ್ಬರು ಬರೆದುದು)

ನಮ್ಮ ನಾಡಿನ ಒಕ್ಕಲು ಮಕ್ಕಳಿಗೆ ದನಕರುಗಳ ಮೇಲಿರುವ ಅಭಿಮಾನವು ಸರ್ವವಿದಿತವಾದುದು. ಕಾರಹುಣ್ಣಿಮೆಯ ದಿನ ಎತ್ತುಗಳ ಮೈತೊಳೆದು ಕೊಂಬಿಗೆ ಬಣ್ಣ ಬಳಿಯುವುದು, ಸಂಕ್ರಾಂತಿಯ ಸಂಜೆ ಅವುಗಳನ್ನು ಕಿಚ್ಚು ಹಾಯಿಸುವುದು, ದೀಪಾವಳಿಯಲ್ಲಿ ಗೋಪೂಜೆಯನ್ನು ಮಾಡಿ ಹಾರ ಹಾಕುವುದು ಮೊದಲಾದ ಆಚಾರಗಳು ಇಂದಿಗೂ ಊರೂರುಗಳಲ್ಲಿ ನಡೆದುಬರುತ್ತಿವೆ. ದನಕ್ಕೆ ಮೇವೆಷ್ಟು, ಹಿಂಡಿಯೆಷ್ಟು, ನೀರು ಕುಡಿಸಿದ್ದಾಯಿತೆ ಎಂದು ಮನೆಯ ಯಜಮಾನನು ದಿನಕ್ಕೆರಡು ಸಲವಾದರೂ ವಿಚಾರಿಸದೆ ಇರುವುದಿಲ್ಲ. ಆದರೆ ಆ ದನವು ರಾತ್ರಿಯಲ್ಲಿ ಎಂತಹ ನೆಲದ ಮೇಲೆ ಮಲಗುತ್ತದೆ ಎಂಬುದನ್ನು ವಿಚಾರಿಸತಕ್ಕವರು ಬಹು ವಿರಳ. ಸಂಚಾರಕಾಲದಲ್ಲಿ ನೋಡಿದ ಅನೇಕ ಕೊಟ್ಟಿಗೆಗಳಲ್ಲಿ ಗೊಂತು ಮಾತ್ರ ತುಂಬಿರುತ್ತದೆ; ಅದರ ಹಿಂದೆ ನಾಲ್ಕಡಿ ದೂರದಲ್ಲಿ ದನವು ತನ್ನ ಗಂಜಲ ಸಗಣಿಗಳ ಕೆಸರಿನಲ್ಲಿಯೇ ನಿಂತಿರುತ್ತದೆ. ಗೊಂತಿಗೆ ಹಾಕಿದ ಹಣದ ಒಂದು ಪಾಲು ಈ ಕೆಸರಿನಲ್ಲಿ ಕರಗಿಹೋಗುತ್ತಿದೆಯೆಂಬುದೇ ಈ ಲೇಖನದ ಮುಖ್ಯಾಂಶವು.

ದನಕ್ಕೆ ಒಣಗಿದ, ಮೆತ್ತನೆಯ, ನೆಲದಲ್ಲಿ ಹುಟ್ಟಿ ನೆಲಕ್ಕೆ ಹಿಂದಿರುಗತಕ್ಕ ಹಾಸನ್ನು ಒದಗಿಸುವುದನ್ನು ಹಲವರು ದಯೆಯ ಕೆಲಸವೆಂದು ಎಣಿಸುತ್ತಾರೆ. ದಯೆಯೂ ಅದರಲ್ಲಿರುವುದು ನಿಜ. ಆದರೆ ಉಳುವುದು, ಬಿತ್ತುವುದು, ಕಳೆ ತೆಗೆಯುವುದು ಹೇಗೆ ವ್ಯವಸಾಯದ ಅಂಗಗಳೋ ಹಾಗೆಯೇ ಹಾಸುವುದೂ ಒಂದು ಅಂಗವೆಂಬುದು ನನ್ನ ದೃಢವಾದ ಅಭಿಪ್ರಾಯ. ಈ ಅಂಗವು ಊನವಾದರೆ ಹಾಲು, ಎತ್ತಿನ ಬಲ, ಗೊಬ್ಬರ ಈ ಮೂರೂ ಒಟ್ಟಿಗೆ ಊನವಾಗುತ್ತವೆ.

ಹಾಸಿನ ಆವಶ್ಯಕತೆ

ಆರೋಗ್ಯವಾಗಿರುವ ಹಸುವು ದಿನದ ೨೪ ಗಂಟೆಗಳಲ್ಲಿ ಸುಮಾರು ೧೦ ರಿಂದ ೧೨ ಗಂಟೆಗಳ ಕಾಲವನ್ನು ಮಲಗಿಯೇ ಕಳೆಯಲು ಬಯಸುತ್ತದೆ. ಮೆಲುಕು ಹಾಕುವ ಕಾರ್ಯವು ಬಹುಮಟ್ಟಿಗೆ ನಡೆಯುವುದು ಆಗಲೇ. ಮಲಗಿದಾಗ ಕೆಚ್ಚಲಿಗೆ ಹರಿಯುವ ರಕ್ತವೂ ಹೆಚ್ಚುತ್ತದೆ. ಹಾಲು ಉತ್ಪತ್ತಿಯಾಗುವುದು ಆ ರಕ್ತದಿಂದಲೇ ಅಷ್ಟೆ. ನೆಲವು ಗಟ್ಟಿಯಾಗಿಯೂ ಒದ್ದೆಯಾಗಿಯೂ ಇದ್ದರೆ ದನವು ಮಲಗಲು ಹಿಂಜರಿದು ನಿಂತೇ ಇರುತ್ತದೆ. ಮಲಗಿದರೂ ಬೇಗನೆ ಏಳುತ್ತದೆ. ಹಗಲೆಲ್ಲ ನೇಗಿಲನ್ನೋ ಗಾಡಿಯನ್ನೋ ಎಳೆದ ಎತ್ತಿಗೂ ಈ ಮಾತು ಸಲ್ಲುತ್ತದೆ. ರಾತ್ರಿಯ ವಿಶ್ರಾಂತಿಯನ್ನು ಕಳೆದುಕೊಂಡ ಎತ್ತು ಮರುದಿನ ಕೊಡುವ ಕೆಲಸವೆಷ್ಟೆಂಬುದನ್ನು ನೇಗಿಲು ಹಿಡಿದವನೇ ಬಲ್ಲನು.

ದನವು ಮಲಗುವ ಕ್ರಮವನ್ನು ಗಮನಿಸಿ ನೋಡಬೇಕು. ಅದು ಮೊದಲು ಮುಂಗಾಲುಗಳನ್ನು ಮಡಿಸಿ, ಮೈಭಾರದ ಹೆಚ್ಚು ಪಾಲನ್ನು ಎರಡು ಮಂಡಿಗಳ ಮೇಲೆ ಬಿಟ್ಟು, ಅನಂತರ ಹಿಂಭಾಗವನ್ನು ಇಳಿಸುತ್ತದೆ. ನಮ್ಮ ಮಲೆನಾಡು ಗಿಡ್ಡದಂತಹ ಹಗುರವಾದ ತಳಿಗೆ ಇದು ಅಷ್ಟು ಪ್ರಯಾಸವಲ್ಲ. ಆದರೆ ಈಗ ಬಹು ಮನೆಗಳಲ್ಲಿರುವ ಮಿಶ್ರತಳಿಯ ಹಸುಗಳು ೪೦೦ ಕಿಲೋ ಅಥವಾ ಅದಕ್ಕೂ ಹೆಚ್ಚು ತೂಗುತ್ತವೆ. ಅಷ್ಟು ಭಾರವು ದಿನಕ್ಕೆ ಹತ್ತಾರು ಸಲ ಬರಿಯ ಚಪ್ಪಡಿಯ ಮೇಲೋ ಸಿಮೆಂಟಿನ ಮೇಲೋ ಬಿದ್ದರೆ ಮಂಡಿಯು ಬಾತುಕೊಳ್ಳದೆ, ಚರ್ಮವು ಸುಲಿಯದೆ ಇರುವುದೆಂತು?

ಒದ್ದೆಯಿಂದ ಆಗತಕ್ಕ ಕೇಡು ಇದಕ್ಕಿಂತಲೂ ದೊಡ್ಡದು. ಹಾಲು ಕರೆದ ಮೇಲೆ ಮೊಲೆತೊಟ್ಟಿನ ತುದಿಯ ರಂಧ್ರವು ಕೂಡಲೇ ಮುಚ್ಚಿಕೊಳ್ಳುವುದಿಲ್ಲ. ಅದಕ್ಕೆ ಅರ್ಧ ಗಂಟೆಯಿಂದ ಒಂದು ಗಂಟೆಯವರೆಗೆ ಕಾಲ ಹಿಡಿಯುತ್ತದೆ. ಅಷ್ಟರೊಳಗೆ ಹಸುವು ಕೊಳಕು ನೆಲದ ಮೇಲೆ ಮಲಗಿದರೆ ಸಗಣಿಯಲ್ಲಿರುವ ಸೂಕ್ಷ್ಮಜೀವಿಗಳು ಆ ದಾರಿಯಿಂದ ಒಳಹೊಕ್ಕು ಕೆಚ್ಚಲು ಬಾವನ್ನು ತರುತ್ತವೆ. ಸದಾ ನೆನೆದಿರುವ ಗೊರಸು ಮೃದುವಾಗಿ ಸಂದುಗಳಲ್ಲಿ ಕೊಳೆಯುತ್ತದೆ. ಎಳೆಯ ಕರುವಿನ ಹೊಕ್ಕುಳು ಒಣಗುವುದಕ್ಕೆ ಮೊದಲೇ ಕೊಳೆ ತಗುಲಿದರೆ ಅದು ಬಾತು ಕೀವು ತುಂಬಿ, ವಿಷವು ಕೀಲುಗಳಿಗೂ ಏರುತ್ತದೆ. ಛಳಿ ಮಳೆಗಳ ಕಾಲದಲ್ಲಿ ಒದ್ದೆ ನೆಲದ ಮೇಲೆ ಮಲಗಿದ ಕರುವಿಗೆ ಶ್ವಾಸಕೋಶದ ರೋಗವೂ ಬರುತ್ತದೆ. ಬೆಚ್ಚನೆಯ ದಿನಗಳಲ್ಲಿ ನೊಣದ ಮೊಟ್ಟೆಯು ಒಡೆದು ಹುಳುವಾಗಿ ಮತ್ತೆ ನೊಣವಾಗುವುದಕ್ಕೆ ಒಂದು ವಾರ ಹತ್ತು ದಿನಗಳು ಸಾಕು. ಆದುದರಿಂದ ಒದ್ದೆಯಾದ ಕಸವನ್ನು ಹತ್ತು ದಿನ ಕೊಟ್ಟಿಗೆಯಲ್ಲಿ ಬಿಟ್ಟವನು ಊರಿಗೆಲ್ಲ ನೊಣವನ್ನು ಸಾಕಿದಂತಾಗುತ್ತದೆ.

ಕೊಟ್ಟಿಗೆಯ ನೆಲವು ಸರಿಯಾಗಿದೆಯೋ ಇಲ್ಲವೋ ಎಂಬುದನ್ನು ತಿಳಿಯಲು ಯಾವ ಉಪಕರಣವೂ ಬೇಡ. ಯಜಮಾನನು ರಾತ್ರಿ ದನಗಳು ಮಲಗುವ ಹೊತ್ತಿಗೆ ಸರಿಯಾಗಿ ಕೊಟ್ಟಿಗೆಗೆ ಹೋಗಿ, ಪಂಚೆಯನ್ನುಟ್ಟಿರುವಂತೆಯೇ ಆ ಹಾಸಿನ ಮೇಲೆ ಎರಡೂ ಮಂಡಿಗಳನ್ನೂರಿ ಒಂದೆರಡು ನಿಮಿಷ ಕುಳಿತು ನೋಡಲಿ. ಮಂಡಿಗೆ ನೋವಾದರೆ ಹಾಸು ತೆಳುವೆಂದೂ, ಪಂಚೆ ನೆನೆದರೆ ಹಾಸು ಹಳತೆಂದೂ, ಕಣ್ಣುರಿದರೆ ಗಾಳಿಯೂ ಗೊಬ್ಬರವೂ ಕೆಟ್ಟಿವೆಯೆಂದೂ ತಿಳಿಯತಕ್ಕದ್ದು. ಯಜಮಾನನಿಗೆ ಕೂಡಲಾಗದ ಸ್ಥಳದಲ್ಲಿ ದನವು ಸುಖವಾಗಿ ಮಲಗೀತೆಂದು ಎಣಿಸುವುದು ನ್ಯಾಯವಲ್ಲ.

ಗಂಜಲದ ಬೆಲೆ

ಇನ್ನು ಗೊಬ್ಬರದ ವಿಷಯ. ನಮ್ಮ ರೈತರು ಸಗಣಿಯನ್ನು ಗೊಬ್ಬರವೆಂದು ಭಾವಿಸಿ ಒಂದು ಹಿಡಿಯನ್ನೂ ಬಿಡದೆ ಎತ್ತುತ್ತಾರೆ. ಗಂಜಲವನ್ನು ಕೊಳೆಯೆಂದು ಭಾವಿಸಿ ನೀರು ಸುರಿದು ಚರಂಡಿಗೆ ತಳ್ಳುತ್ತಾರೆ. ಆದರೆ ದನದ ದೇಹದಿಂದ ಹೊರಬೀಳುವ ಸಾರಜನಕದಲ್ಲಿ ಹೆಚ್ಚು ಕಡಮೆ ಅರ್ಧ ಭಾಗವೂ, ಪೊಟ್ಯಾಷಿನಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗವೂ ಇರುವುದು ಗಂಜಲದಲ್ಲಿಯೇ. ರಂಜಕವು ಮಾತ್ರ ಬಹುತೇಕ ಸಗಣಿಯಲ್ಲಿರುತ್ತದೆ. ಮೇಲಾಗಿ ಗಂಜಲದಲ್ಲಿರುವ ಸತ್ವವು ಪೈರಿಗೆ ಬೇಗನೆ ದಕ್ಕತಕ್ಕದ್ದು.

ಒಂದು ಲೆಕ್ಕವನ್ನು ಮಾಡಿ ನೋಡೋಣ. ಬೆಳೆದ ದನವೊಂದು ದಿನಕ್ಕೆ ೬ ಲೀಟರಿನಷ್ಟು ಗಂಜಲವನ್ನು ಬಿಡುತ್ತದೆಂದಿಟ್ಟುಕೊಂಡು, ಅದರಲ್ಲಿ ಅರ್ಧವು ಮೇಯುವ ಬಯಲಿನಲ್ಲಿಯೂ ದಾರಿಯಲ್ಲಿಯೂ ಹೋಗುವುದೆಂದು ಬಿಟ್ಟರೆ, ಕೊಟ್ಟಿಗೆಯಲ್ಲಿ ಬೀಳುವುದು ೩ ಲೀಟರು. ಹತ್ತು ದನಗಳಿರುವ ಮನೆಯಲ್ಲಿ ವರ್ಷಕ್ಕೆ ಇದು ಸುಮಾರು ೧೧,೦೦೦ ಲೀಟರು ಆಗುತ್ತದೆ. ನೂರು ಲೀಟರು ಗಂಜಲದಲ್ಲಿ ಮುಕ್ಕಾಲು ಕಿಲೋವಿಗೆ ತುಸು ಮೇಲ್ಪಟ್ಟು, ಎಂದರೆ ೮೦೦ ಗ್ರಾಮು ಸಾರಜನಕವೆಂದು ಹಿಡಿದರೆ ಒಟ್ಟು ೮೮ ಕಿಲೋ ಸಾರಜನಕವಾಯಿತು. ಇಷ್ಟು ಸಾರಜನಕವನ್ನು ಅಂಗಡಿಯಿಂದ ಕೊಳ್ಳಬೇಕಾದರೆ ೪೫ ಕಿಲೋವಿನ ಯೂರಿಯಾ ಚೀಲಗಳು ನಾಲ್ಕು ಬೇಕು. ಎಷ್ಟೇ ಜಾಗರೂಕತೆಯಿಂದ ನಡೆದರೂ ಇದೆಲ್ಲವನ್ನೂ ಉಳಿಸುವುದು ಸಾಧ್ಯವಿಲ್ಲ. ಅರ್ಧವನ್ನು ಉಳಿಸಿದರೂ ಎರಡು ಚೀಲದ ಲಾಭವು ನಿಶ್ಚಯ. ಇದರ ಜೊತೆಗೆ ಹಾಸಿದ ಹುಲ್ಲು ಎಲೆಗಳೇ ಕೊಳೆತು ಮಣ್ಣಿಗೆ ಕೊಡುವ ಮೆತುತನವನ್ನೂ ನೀರನ್ನು ಹಿಡಿದಿಡುವ ಶಕ್ತಿಯನ್ನೂ ಯಾವ ಚೀಲವೂ ಕೊಡಲಾರದು.

ಬೆಳಗಿನ ಜಾವ ಕೊಟ್ಟಿಗೆಯ ಬಾಗಿಲನ್ನು ತೆಗೆದಾಗ ಮೂಗಿಗೆ ಹೊಡೆಯುವ ಕಟುವಾದ ವಾಸನೆಯು ಅಮೋನಿಯಾ ಎಂಬ ವಾಯುವಿನದು. ಗಂಜಲದ ಸಾರಜನಕವೇ ಈ ರೂಪದಿಂದ ಹಾರಿಹೋಗುತ್ತದೆ. ಆ ವಾಸನೆಯು ಬಂದಷ್ಟೂ ಹೊಲಕ್ಕೆ ಸೇರಬೇಕಾದ ಸತ್ವವು ಗಾಳಿಯ ಪಾಲಾಗುತ್ತಿದೆಯೆಂದು ಅರಿಯಬೇಕು. ಒಣಹಾಸು ಗಂಜಲವನ್ನು ಬಿದ್ದ ಕೂಡಲೇ ಹೀರಿಕೊಂಡರೆ ಈ ನಷ್ಟವು ಬಹುವಾಗಿ ತಗ್ಗುತ್ತದೆ.

ಇದು ಹೊಸದಾಗಿ ಕಂಡುಹಿಡಿದ ವಿಷಯವೇನೂ ಅಲ್ಲ. ಆಲ್ಬರ್ಟ್ ಹೋವರ್ಡ್ ಎಂಬ ಶಾಸ್ತ್ರಜ್ಞರು ೧೯೨೪ ರಿಂದ ೧೯೩೧ ರವರೆಗೆ ಇಂದೂರಿನ ಕ್ಷೇತ್ರದಲ್ಲಿ ಕೆಲಸಮಾಡಿ ಪ್ರಸಿದ್ಧಿಗೆ ತಂದ ಇಂದೂರು ಗೊಬ್ಬರದ ಪದ್ಧತಿಗೆ ದನದ ಕೊಟ್ಟಿಗೆಯ ಹಾಸೇ ಆಧಾರ. ಹೊಲದ ಕಸಕಡ್ಡಿಗಳನ್ನೆಲ್ಲ ರಾತ್ರಿ ದನಗಳ ಕೆಳಗೆ ಹಾಸಿ, ಬೆಳಗ್ಗೆ ಗಂಜಲದಿಂದ ನೆನೆದ ಆ ಹಾಸನ್ನೂ ನೆಲದ ಗಂಜಲಮಣ್ಣನ್ನೂ ಗೊಬ್ಬರದ ಗುಂಡಿಗೆ ಒಯ್ಯುತ್ತಿದ್ದರು. ಹತ್ತಿಯ ಕಡ್ಡಿ, ತೊಗರಿಯ ಕಡ್ಡಿ ಮೊದಲಾದ ಬಿರುಸಾದ ಪದಾರ್ಥಗಳನ್ನು ಮೊದಲು ದಾರಿಯ ಮೇಲೆ ಹರಡಿ, ಗಾಡಿಗಳ ಚಕ್ರಕ್ಕೂ ದನಗಳ ಕಾಲಿಗೂ ಸಿಕ್ಕಿ ನುಗ್ಗಾದ ಮೇಲೆ ಹಾಸಿಗೆ ಉಪಯೋಗಿಸುತ್ತಿದ್ದರು. ಈ ಯುಕ್ತಿಯನ್ನು ನಮ್ಮ ಹತ್ತಿ ತೊಗರಿಗಳ ಸೀಮೆಯವರು ಇಂದಿಗೂ ಅನುಸರಿಸಬಹುದು. ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿ ಸಿ. ಎನ್. ಆಚಾರ್ಯರು ೧೯೩೯ರಲ್ಲಿ ರೂಪಿಸಿದ ಬೆಂಗಳೂರು ಪದ್ಧತಿಯು ಊರಿನ ಕಸವನ್ನೂ ಗೊಬ್ಬರ ಮಾಡಬಹುದೆಂದು ತೋರಿಸಿತು. ದಾರಿಯು ತಿಳಿದೇ ಇದೆ. ನಡೆಯುವುದು ಮಾತ್ರ ಉಳಿದಿದೆ.

ಹಾಸಿನ ಆಯ್ಕೆ

ಒಳ್ಳೆಯ ಹಾಸಿಗೆ ಆರು ಗುಣಗಳಿರಬೇಕು. ಅದು ಪೂರ್ತಿಯಾಗಿ ಒಣಗಿರಬೇಕು, ದ್ರವವನ್ನು ಚೆನ್ನಾಗಿ ಹೀರಬೇಕು, ಮೈಗೆ ಮೆತ್ತಗಿರಬೇಕು, ದನವು ಅಕಸ್ಮಾತ್ತಾಗಿ ತಿಂದರೂ ವಿಷವಾಗಬಾರದು, ಗುಂಡಿಯಲ್ಲಿ ಬೇಗನೆ ಕೊಳೆಯಬೇಕು, ಊರಿನಲ್ಲಿಯೇ ಸುಲಭವಾಗಿ ದೊರೆಯಬೇಕು. ಈ ಆರನ್ನೂ ಪರೀಕ್ಷಿಸಿ ಆಯಾ ಸೀಮೆಯವರು ತಮತಮಗೆ ಅನುಕೂಲವಾದುದನ್ನು ಆರಿಸಿಕೊಳ್ಳತಕ್ಕದ್ದು.

ಬಯಲುಸೀಮೆಯಲ್ಲಿ ರಾಗಿಯ ಹುಲ್ಲೂ ಜೋಳದ ದಂಟೂ ಮೇವಿಗೇ ಸಾಲದಿರುವುದರಿಂದ ಅವುಗಳನ್ನು ಕಾಲಿಗೆ ಹಾಸೆಂದು ಯಾರೂ ಹೇಳಲಾರರು. ಆದರೆ ದನವು ತಿಂದು ಬಿಟ್ಟ ಗಟ್ಟಿ ದಂಟು, ಕಣದಲ್ಲಿ ಉಳಿದ ಕಸ, ಮಳೆಗೆ ಸಿಕ್ಕಿ ಮೇವಿಗೆ ಬಾರದೆ ಹೋಗಿ ಮತ್ತೆ ಬಿಸಿಲಿಗೆ ಒಣಗಿದ ಹುಲ್ಲು, ಕಡಲೆಕಾಯಿಯ ಸಿಪ್ಪೆ, ಹೊಂಗೆ ಬೇವು ಹಲಸು ಮಾವುಗಳ ತರಗೆಲೆ ಇವೆಲ್ಲ ಹಾಸಿಗೆ ಬರುತ್ತವೆ. ಒಣಗಿದ ಹುಲ್ಲು ತನ್ನ ತೂಕದ ಸುಮಾರು ಎರಡರಷ್ಟು ದ್ರವವನ್ನು ಹೀರಬಲ್ಲುದು. ಹೊಲದ ಬದುಗಳ ಮೇಲೆ ಹೊಂಗೆ, ಗ್ಲಿರಿಸಿಡಿಯ ಮುಂತಾದ ಗಿಡಗಳನ್ನು ನೆಟ್ಟವರಿಗೆ ಮೂರು ನಾಲ್ಕು ವರ್ಷಗಳಲ್ಲಿ ಎಲೆಯ ಕೊರತೆಯು ನೀಗುತ್ತದೆ.

ಕಾಲುವೆಯ ಸೀಮೆಗಳಲ್ಲಿ ಹಾಸಿಗೆ ಬಡತನವೇ ಇಲ್ಲ. ಕಬ್ಬು ಕಡಿದ ಮೇಲೆ ಎಕರೆಗೆ ಮೂರು ನಾಲ್ಕು ಟನ್ನಿನಷ್ಟು ತರಗು ಬೀಳುತ್ತದೆ. ಯಂತ್ರದಿಂದ ಕೊಯ್ದ ಭತ್ತದ ಗದ್ದೆಯಲ್ಲಿ ಹುಲ್ಲು ರಾಶಿರಾಶಿಯಾಗಿ ಉಳಿಯುತ್ತದೆ. ಇವೆರಡಕ್ಕೂ ಬೆಂಕಿಯನ್ನಿಡುವ ದುರಭ್ಯಾಸವು ಬೆಳೆದಿದೆ. ಒಂದು ಟನ್ನು ಭತ್ತದ ಹುಲ್ಲನ್ನು ಸುಟ್ಟರೆ ಅದರಲ್ಲಿದ್ದ ೫ ಕಿಲೋವಿಗೆ ಕಡಮೆಯಿಲ್ಲದ ಸಾರಜನಕವು ಬಹುತೇಕ ಹೊಗೆಯಾಗಿ ಹೋಗುತ್ತದೆ. ಒಂದು ಕಡೆ ಹಾಸಿಲ್ಲದೆ ದನವು ಕೆಸರಿನಲ್ಲಿ ಮಲಗಿರುವುದು, ಮತ್ತೊಂದು ಕಡೆ ಹಾಸಾಗತಕ್ಕ ಪದಾರ್ಥವು ಉರಿಯುತ್ತಿರುವುದು, ಇವೆರಡೂ ಒಂದೇ ಊರಿನಲ್ಲಿ ಒಂದೇ ವಾರದಲ್ಲಿ ಕಾಣುವುದಕ್ಕಿಂತ ಹೆಚ್ಚಿನ ವಿಪರೀತವುಂಟೆ? ಕಬ್ಬಿನ ತರಗಿನ ಅಂಚು ಹರಿತವಾದುದರಿಂದ ಅದನ್ನು ಕತ್ತರಿಸಿಯೋ ಕಾಲಿನಿಂದ ತುಳಿಸಿಯೋ ಹಾಸುವುದು ಮೇಲು.

ತಿಪಟೂರು, ಅರಸೀಕೆರೆಗಳ ಕಡೆ ತೆಂಗಿನ ನಾರು ತೆಗೆಯುವ ಸ್ಥಳಗಳಲ್ಲಿ ರಾಶಿಬೀಳುವ ನಾರಿನ ಪುಡಿಯು ತನ್ನ ತೂಕದ ಐದರಷ್ಟಕ್ಕೂ ಹೆಚ್ಚು ನೀರನ್ನು ಹೀರುತ್ತದೆ. ಬಿಸಿಲಿನಲ್ಲಿ ಚೆನ್ನಾಗಿ ಒಣಗಿಸಿ ಮೇಲೆ ತುಸು ಹುಲ್ಲನ್ನು ಹರಡಿದರೆ ಇದು ಉತ್ತಮವಾದ ಹಾಸು. ಆದರೆ ಇದು ನಿಧಾನವಾಗಿ ಕೊಳೆಯತಕ್ಕದ್ದಾದುದರಿಂದ ಗುಂಡಿಯಲ್ಲಿ ಹೆಚ್ಚು ಕಾಲ ಬಿಡಬೇಕು. ಮರದ ಹೊಟ್ಟಿಗೂ ಇದೇ ನಿಯಮ; ಕೊಳೆಯದ ಮರದ ಹೊಟ್ಟನ್ನು ಹೊಲಕ್ಕೆ ಹಾಕಿದರೆ ಅದು ಮಣ್ಣಿನ ಸಾರಜನಕವನ್ನೇ ಕೆಲವು ಕಾಲ ಹಿಡಿದಿಟ್ಟು ಪೈರನ್ನು ಹಳದಿಯಾಗಿಸುತ್ತದೆ. ಹಸಿಯಾದ ಮರದ ಹೊಟ್ಟಿನಲ್ಲಿ ಕೆಚ್ಚಲು ಬಾವಿನ ಜೀವಿಗಳೂ ಬೆಳೆಯುತ್ತವೆ. ಭತ್ತದ ಉಮಿಯು ಮೆತ್ತಗೆ ಕಂಡರೂ ದ್ರವವನ್ನು ಅಷ್ಟಾಗಿ ಹೀರುವುದಿಲ್ಲ.

ಮಲೆನಾಡಿನಲ್ಲಿಯೂ ಉತ್ತರ ಕನ್ನಡದ ಘಟ್ಟದ ಮೇಲಣ ತಾಲೂಕುಗಳಲ್ಲಿಯೂ ಹಾಸಿನ ಸಂಪ್ರದಾಯವು ಬಹು ಹಿಂದಿನಿಂದ ಬಂದುದು. ಅಡಕೆಯ ತೋಟಗಳಿಗೆ ಸೊಪ್ಪಿನ ಬೆಟ್ಟಗಳನ್ನು ಬಿಟ್ಟಿರುವುದೇ ಇದಕ್ಕೆ ಸಾಕ್ಷಿ. ಮಳೆಗಾಲದಲ್ಲಿ ಹಸಿಸೊಪ್ಪನ್ನು, ಬೇಸಗೆಯಲ್ಲಿ ತರಗನ್ನು ಕೊಟ್ಟಿಗೆಗೆ ಹಾಸಿ ತುಳಿಸಿ ಗೊಬ್ಬರ ಮಾಡುವ ಈ ಕ್ರಮವನ್ನು ಬಯಲುಸೀಮೆಯವರು ಕಲಿಯತಕ್ಕದ್ದಿದೆ. ಆದರೆ ಇದರಲ್ಲಿ ಎರಡು ದೋಷಗಳನ್ನು ಹೇಳಲೇಬೇಕು. ಮೊದಲನೆಯದು, ಹಸಿಸೊಪ್ಪು ತನ್ನಲ್ಲಿಯೇ ನೀರನ್ನು ತುಂಬಿಕೊಂಡಿರುವುದರಿಂದ ಗಂಜಲವನ್ನು ಹೀರಲಾರದು. ಮಳೆಗಾಲದ ನಾಲ್ಕು ತಿಂಗಳೂ ದನದ ಕಾಲು ನೆನೆದೇ ಇರುತ್ತದೆ. ಮಾಘ ಫಾಲ್ಗುಣಗಳಲ್ಲಿ ಬಿದ್ದ ತರಗನ್ನು ಮಾಡಿನ ಕೆಳಗೆ ಕೂಡಿಟ್ಟುಕೊಂಡು ಮಳೆಗಾಲದಲ್ಲಿ ಸೊಪ್ಪಿನ ಮೇಲೆ ಒಂದು ಪದರವಾಗಿ ಹರಡಿದರೆ ಈ ದೋಷವು ಹೋಗುತ್ತದೆ. ಎರಡನೆಯದು, ಬೆಟ್ಟದ ತರಗನ್ನು ಒಂದೆಲೆಯೂ ಉಳಿಯದಂತೆ ಗುಡಿಸಿ, ಮರಗಳ ಕೊಂಬೆಗಳನ್ನು ವರ್ಷವರ್ಷವೂ ತುದಿಯವರೆಗೆ ಕಡಿದರೆ ಬೆಟ್ಟವು ಬೋಳಾಗುತ್ತದೆ. ತೋಟವನ್ನು ಪೋಷಿಸುವುದಕ್ಕಾಗಿ ಬೆಟ್ಟವನ್ನು ಉಪವಾಸ ಕೆಡವಿದವನಿಗೆ ಕೊನೆಗೆ ಎರಡೂ ಉಳಿಯುವುದಿಲ್ಲ. ಬೆಟ್ಟವನ್ನು ಪಾಲುಮಾಡಿ, ಒಂದು ಪಾಲಿಗೆ ಸರದಿಯ ಮೇಲೆ ವಿಶ್ರಾಂತಿಯನ್ನು ಕೊಡತಕ್ಕದ್ದು.

ಯಾವ ಹಾಸೂ ದೊರೆಯದ ಕಡೆ ಒಣಮಣ್ಣೇ ಸಾಕು. ಮರಳು ಮಿಶ್ರವಾದ ಕೆಂಪುಮಣ್ಣನ್ನು ಬೇಸಗೆಯಲ್ಲಿ ಕೂಡಿಟ್ಟು, ಅರ್ಧ ಅಡಿಯಷ್ಟು ನೆಲಕ್ಕೆ ಹರಡಿ, ನೆನೆದ ಕಡೆ ದಿನವೂ ಕೆದಕಿ ಒಣಮಣ್ಣನ್ನು ಹಾಕುತ್ತ, ಮೂರು ನಾಲ್ಕು ತಿಂಗಳಿಗೊಮ್ಮೆ ಪೂರ್ತಿಯಾಗಿ ತೆಗೆದು ಗುಂಡಿಗೋ ಹೊಲಕ್ಕೋ ಹಾಕಬೇಕು. ಎರೆಮಣ್ಣು ನೆನೆದರೆ ಅಂಟಿಕೊಂಡು ಜಾರುವುದರಿಂದ ಈ ಕೆಲಸಕ್ಕೆ ಬಾರದು.

ಹಾಸಬಾರದ ಪದಾರ್ಥಗಳು

ಬೂಷ್ಟು ಹಿಡಿದ ಹುಲ್ಲನ್ನು ಹಾಸಬಾರದು. ಅದರ ಧೂಳು ದನದ ಉಸಿರಿಗೂ, ಹಾಸುವ ಆಳಿನ ಉಸಿರಿಗೂ ಕೆಡಕು. ಕಣಗಿಲೆಯ ಎಲೆಯು ಒಣಗಿದರೂ ಪ್ರಾಣಾಂತಿಕವಾದ ವಿಷ. ಲಾಂಟಾನದ ಸೊಪ್ಪು ತಿಂದರೆ ದನದ ಪಿತ್ತಕೋಶ ಯಕೃತ್ತುಗಳು ಕೆಡುತ್ತವೆ. ಪಾರ್ಥೇನಿಯಂ ಗಿಡವನ್ನು ಹೂವು ಬಿಟ್ಟ ಮೇಲೆ ಹಾಸಿದರೆ ಅದರ ಬೀಜವು ಗೊಬ್ಬರದೊಡನೆ ಹೊಲಕ್ಕೆಲ್ಲ ಹರಡುತ್ತದೆ. ಕೀಟನಾಶಕ ಕಳೆನಾಶಕಗಳನ್ನು ಹೊಸದಾಗಿ ಸಿಂಪಡಿಸಿದ ಪೈರಿನ ಕಸವನ್ನು ಕೊಟ್ಟಿಗೆಗೆ ತರಬಾರದು. ಪ್ಲಾಸ್ಟಿಕ್ ಚೀಲದ ಚೂರು, ದಾರ, ತಂತಿ, ಮೊಳೆಗಳನ್ನು ಆರಿಸಿ ತೆಗೆಯದೆ ಹಾಸಿದರೆ ಅವು ದನದ ಹೊಟ್ಟೆಗೆ ಸೇರಿ ಪ್ರಾಣಕ್ಕೇ ಅಪಾಯವಾಗುತ್ತದೆ.

ಹಾಸನ್ನು ಕಾಪಾಡುವ ಕ್ರಮ

ಒಳ್ಳೆಯ ಹಾಸನ್ನು ತಂದು ಹಾಕಿದ ಮಾತ್ರಕ್ಕೆ ಕೆಲಸವು ಮುಗಿಯಿತೆಂದು ತಿಳಿಯಬಾರದು. ಕೆಳಗೆ ಕಾಣಿಸಿದ ನಿಯಮಗಳನ್ನು ದಿನವೂ ನಡೆಸತಕ್ಕದ್ದು.

೧. ನೆಲವು ಗೊಂತಿನಿಂದ ಹಿಂದಕ್ಕೆ ಸ್ವಲ್ಪ ಇಳಿಜಾರಾಗಿರಬೇಕು. ೫೦ ಅಡಿಗೆ ಒಂದಡಿಯ ಲೆಕ್ಕದಲ್ಲಿದ್ದರೆ ಸಾಕು. ಹಿಂದಿನ ಕಾಲುವೆಯು ಚರಂಡಿಗೆ ಹೋಗದೆ ಗೊಬ್ಬರದ ಗುಂಡಿಗೆ ಸೇರಬೇಕು.

೨. ಬೆಳೆದ ದನವೊಂದಕ್ಕೆ ದಿನಕ್ಕೆ ೩ ರಿಂದ ೫ ಕಿಲೋ ಒಣಹಾಸು ಬೇಕು. ಸಂಜೆ ದನಗಳು ಬರುವುದಕ್ಕೆ ಮೊದಲು ಹಾಸಬೇಕು. ಹಿಂಗಾಲಿನ ಕಡೆ ಹೆಚ್ಚಾಗಿ ಹರಡಬೇಕು.

೩. ಬೆಳಗ್ಗೆ ಸಗಣಿಯನ್ನೂ ನೆನೆದ ಹಾಸನ್ನೂ ಒಟ್ಟಿಗೆ ಎತ್ತಿ ಗುಂಡಿಗೆ ಹಾಕಬೇಕು. ಒಣಗಿ ಉಳಿದುದನ್ನು ಬಿಸಿಲಿಗೆ ಹರಡಿ ಸಂಜೆ ಮತ್ತೆ ಉಪಯೋಗಿಸಬಹುದು.

೪. ಕರೆದ ಕೂಡಲೇ ಹಸುವಿಗೆ ಮೇವನ್ನು ಹಾಕಿದರೆ ಅದು ತಿನ್ನುತ್ತ ನಿಂತಿರುತ್ತದೆ. ಅಷ್ಟರೊಳಗೆ ಮೊಲೆತೊಟ್ಟು ಮುಚ್ಚಿಕೊಳ್ಳುತ್ತದೆ.

೫. ಕರು ಹಾಕುವ ಹಸುವಿಗೂ ಎಳೆಗರುವಿಗೂ ಬೇರೆಯಾಗಿ ಹೊಸ ಹುಲ್ಲನ್ನೇ ದಪ್ಪನಾಗಿ ಹಾಸಬೇಕು. ರೋಗದ ದನದ ಹಾಸನ್ನು ಬೇರೆ ದನಕ್ಕೆ ಹಾಕಕೂಡದು.

೬. ವಾರಕ್ಕೊಮ್ಮೆ ನೆಲವನ್ನು ಪೂರ್ತಿಯಾಗಿ ತೆರವು ಮಾಡಿ ಒಣಗಿಸಬೇಕು. ಸುಣ್ಣವನ್ನು ಎರಚುವುದಾದರೆ ಬರಿಯ ನೆಲಕ್ಕೆ ಮಾತ್ರ ಎರಚಿ, ಒಣಗಿದ ಮೇಲೆ ಗುಡಿಸಿ ಹಾಸಬೇಕು. ಸಗಣಿ ಗಂಜಲಗಳ ಮೇಲೆ ಸುಣ್ಣವನ್ನು ಹಾಕಿದರೆ ಅಮೋನಿಯಾ ಇನ್ನೂ ಬೇಗನೆ ಹಾರಿಹೋಗುತ್ತದೆ.

೭. ಗುಂಡಿಯು ಮೂರಡಿಗಿಂತ ಆಳವಾಗಿರಬೇಕಾಗಿಲ್ಲ. ತುಂಬಿದ ಭಾಗವನ್ನು ಮಣ್ಣಿನಿಂದ ಮುಚ್ಚಿ ಮೇಲೆ ಸಗಣಿಯಿಂದ ಸಾರಿಸಿ, ನಾಲ್ಕೈದು ತಿಂಗಳು ಬಿಟ್ಟು ತೆಗೆಯಬೇಕು. ಬಿಸಿಲು ಮಳೆಗಳು ಬೀಳದಂತೆ ನೆರಳಿದ್ದರೆ ಮತ್ತೂ ಒಳ್ಳೆಯದು.

ಕೆಲವು ಆಕ್ಷೇಪಣೆಗಳು

ಬಾಯಿಗೇ ಹುಲ್ಲಿಲ್ಲದಿರುವಾಗ ಕಾಲಿಗೆ ಎಲ್ಲಿಂದ ತರುವುದೆಂದು ಕೆಲವರು ಕೇಳುತ್ತಾರೆ. ಇದು ನ್ಯಾಯವಾದ ಪ್ರಶ್ನೆ. ಮೇವಿಗೆ ಬರುವ ಹುಲ್ಲನ್ನು ಮೇವಿಗೇ ಉಪಯೋಗಿಸಲಿ. ಸುಡುವ ತರಗು, ಗಾಳಿಗೆ ಹೋಗುವ ಎಲೆ, ಗೊಂತಿನಲ್ಲಿ ಉಳಿದ ದಂಟು, ಬೇಲಿಯ ಬದಿಯ ಒಣಕಸ ಇವುಗಳನ್ನು ಕೂಡಿಸಿದರೆ ಬಹು ಮನೆಗಳಿಗೆ ಸಾಕಾಗುತ್ತದೆ. ಸಾಲದಿದ್ದವರಿಗೆ ಒಣಮಣ್ಣಿದೆ.

ಆಳುಗಳು ದೊರೆಯುವುದಿಲ್ಲವೆಂಬುದು ಎರಡನೆಯ ಆಕ್ಷೇಪಣೆ. ದನಗಳನ್ನು ಕಟ್ಟದೆ ಬಿಡತಕ್ಕ ಅಗಲವಾದ ಕೊಟ್ಟಿಗೆಯಿದ್ದವರು ದಿನವೂ ಎತ್ತದೆ, ಹಳೆಯ ಹಾಸಿನ ಮೇಲೆ ದಿನದಿನವೂ ಒಣಹಾಸನ್ನು ಹರಡುತ್ತ ಎರಡು ಮೂರು ತಿಂಗಳಿಗೊಮ್ಮೆ ತೆಗೆಯಬಹುದು. ಮೇಲಿನ ಪದರವು ಯಾವಾಗಲೂ ಒಣಗಿರಬೇಕೆಂಬುದೊಂದೇ ಇದರ ನಿಬಂಧನೆ. ಕರೆಯುವ ಹಸುಗಳಿಗೆ ಈ ಕ್ರಮವನ್ನು ಬಹು ಎಚ್ಚರಿಕೆಯಿಂದ ನಡೆಸಬೇಕು.

ಸಿಮೆಂಟಿನ ನೆಲವನ್ನು ಹಾಕಿಸಿ ರಬ್ಬರಿನ ಚಾಪೆಯನ್ನು ಹಾಸಿದ್ದೇವೆ, ಇನ್ನೇನು ಬೇಕೆಂದು ಅನುಕೂಲಸ್ಥರು ಹೇಳುತ್ತಾರೆ. ಚಾಪೆಯು ಮಂಡಿಯನ್ನು ಕಾಪಾಡುವುದು ನಿಜ, ತೊಳೆಯುವುದಕ್ಕೂ ಸುಲಭ. ಆದರೆ ಅದು ಒಂದು ತೊಟ್ಟು ಗಂಜಲವನ್ನೂ ಹೀರುವುದಿಲ್ಲ. ತೊಳೆದ ನೀರು ಚರಂಡಿಗೆ ಹೋದರೆ ಗೊಬ್ಬರದ ನಷ್ಟವು ಮಣ್ಣಿನ ನೆಲಕ್ಕಿಂತಲೂ ಹೆಚ್ಚು. ಚಾಪೆಯಿದ್ದವರು ಅದರ ಮೇಲೆ ತೆಳುವಾಗಿ ಒಣಹಾಸನ್ನು ಹರಡಲಿ. ತೊಳೆದ ನೀರನ್ನು ಗುಂಡಿಗೋ ಮೇವಿನ ಬೆಳೆಗೋ ಹಾಯಿಸಲಿ.

ಮುಖಂಡರ ಕರ್ತವ್ಯ

ಇಷ್ಟು ವಿಷಯಗಳನ್ನು ಒಬ್ಬೊಬ್ಬ ರೈತನೂ ತನ್ನ ಮನೆಯಲ್ಲಿ ನಡೆಸಬಹುದು. ಆದರೆ ಊರಿನ ಮುಖಂಡರೂ ಹೆಚ್ಚು ಭೂಮಿಯುಳ್ಳವರೂ ಮನಸ್ಸು ಮಾಡಿದ ಹೊರತು ಆಗದ ಕಾರ್ಯಗಳು ಕೆಲವಿವೆ. ಅವುಗಳನ್ನು ಸಂಕೋಚವಿಲ್ಲದೆ ಹೇಳಬೇಕಾಗಿದೆ.

ಪ್ರತಿಯೊಂದೂರಿನಲ್ಲಿಯೂ ಭೂಮಿಯಿಲ್ಲದೆ ಒಂದೋ ಎರಡೋ ಹಸುಗಳನ್ನು ಸಾಕಿಕೊಂಡು, ಡೈರಿಗೆ ಹಾಲು ಹಾಕಿ ಜೀವಿಸುವ ಸಂಸಾರಗಳಿವೆ. ಅವರ ಹಸುವಿಗೆ ಹಾಸಾಗತಕ್ಕ ಹುಲ್ಲಾಗಲಿ ತರಗಾಗಲಿ ಅವರದಾದ ನೆಲದಲ್ಲಿ ಬೆಳೆಯುವುದಿಲ್ಲ. ಅಂತಹವರ ಹಸುವೊಂದಕ್ಕೆ ಕೆಚ್ಚಲು ಬಾವು ಬಂದು ಒಂದು ಮೊಲೆ ಹೋದರೆ ಆ ಸಂಸಾರದ ಅನ್ನದ ಕಾಲು ಭಾಗವೇ ಹೋದಂತೆ. ಇದೇ ಊರಿನಲ್ಲಿ ಭೂಮಾಲಿಕರು ಗದ್ದೆಯನ್ನು ಬೇಗ ತೆರವು ಮಾಡಬೇಕೆಂದು ತರಗಿಗೆ ಬೆಂಕಿಯನ್ನಿಡುತ್ತಾರೆ. ಬೆಂಕಿ ಇಡುವುದಕ್ಕೆ ನಾಲ್ಕು ದಿನ ಮೊದಲು, ಬೇಕಾದವರು ಹೊತ್ತುಕೊಂಡು ಹೋಗಿರೆಂದು ಒಂದು ಮಾತನ್ನು ಹೇಳಿಸಿದರೆ ಮಾಲಿಕನಿಗೆ ನಷ್ಟವೇನು? ಗದ್ದೆಯೂ ತೆರವಾಗುತ್ತದೆ, ಹಸುವಿಗೆ ಹಾಸೂ ಆಗುತ್ತದೆ, ಹೊಗೆಯೂ ತಪ್ಪುತ್ತದೆ. ಹಾಸು ಒಯ್ದವರು ಅದರಿಂದಾದ ಗೊಬ್ಬರದಲ್ಲಿ ಒಂದು ಪಾಲನ್ನು ಗದ್ದೆಗೆ ಹಿಂದಿರುಗಿಸುವಂತೆ ಒಡಂಬಡಿಕೆಯನ್ನು ಮಾಡಿಕೊಂಡರೆ ಮಾಲಿಕನಿಗೆ ಲಾಭವೇ ಉಂಟು.

ಮತ್ತೊಂದು ಮಾತು. ದೊಡ್ಡ ಮನೆಗಳಲ್ಲಿ ಕೊಟ್ಟಿಗೆಯನ್ನು ಗುಡಿಸುವವರು ಕೂಲಿಯವರು; ಬಹುಮಟ್ಟಿಗೆ ಹೆಂಗಸರು. ಕೆಸರಾದ ಕೊಟ್ಟಿಗೆಯಲ್ಲಿ ಬರಿಗಾಲಿನಲ್ಲಿ ನಿಂತು ಬರಿಗೈಯಿಂದ ಸಗಣಿಯನ್ನು ಬಾಚುವ ಕಷ್ಟವು ಅವರ ಪಾಲಿನದು. ಒಣಹಾಸಿದ್ದ ಕೊಟ್ಟಿಗೆಯಲ್ಲಿ ಅದೇ ಕೆಲಸವು ಬೇಗನೆ, ಹೇಸಿಗೆಯಿಲ್ಲದೆ ಮುಗಿಯುತ್ತದೆ. ಅವರಿಗೆ ಉದ್ದನೆಯ ಹಿಡಿಯ ಸಲಿಕೆಯನ್ನೂ ಕಾಲಿಗೆ ಬೂಟನ್ನೂ ಒದಗಿಸುವುದು ಯಜಮಾನನ ಧರ್ಮ.

ಮೂರನೆಯದಾಗಿ, ಊರಿನ ಗೋಮಾಳ, ಕೆರೆಯ ಏರಿಯ ಕೆಳಭಾಗ, ದಾರಿಯ ಎರಡು ಬದಿ ಮುಂತಾದ ಸ್ಥಳಗಳಲ್ಲಿ ಸೊಪ್ಪಿನ ಮರಗಳನ್ನು ಬೆಳೆಸಿ, ಅವುಗಳ ತರಗನ್ನು ಮನೆಗಿಷ್ಟೆಂದು ಹಂಚುವ ಏರ್ಪಾಡನ್ನು ಗ್ರಾಮ ಪಂಚಾಯತಿಯವರು ಮಾಡಬಹುದು. ಮಾಘಮಾಸದಲ್ಲಿ ಒಂದು ದಿನವನ್ನು ಗೊತ್ತುಮಾಡಿ ಊರವರೆಲ್ಲ ತರಗನ್ನು ಕೂಡಿಸಿಟ್ಟರೆ, ಮಳೆಗಾಲದಲ್ಲಿ ಯಾರ ದನವೂ ಕೆಸರಿನಲ್ಲಿ ಮಲಗಬೇಕಾದ ಪ್ರಮೇಯವಿರುವುದಿಲ್ಲ.

ಹಳ್ಳಿಗಳಲ್ಲಿ ಜನರು ಭಾಷಣವನ್ನು ಕೇಳಿ ಮರೆಯುತ್ತಾರೆ. ದೊಡ್ಡವರ ಮನೆಯಲ್ಲಿ ನಡೆಯುವುದನ್ನು ನೋಡಿ ಕಲಿಯುತ್ತಾರೆ. ಆದಕಾರಣ ವಾಚಕ ಮಹಾಶಯರು ಈ ಮಳೆಗಾಲಕ್ಕೆ ಮೊದಲು ತಮ್ಮ ಕೊಟ್ಟಿಗೆಯ ಮೂಲೆಯೊಂದರಲ್ಲಿ ನಾಲ್ಕು ತಿಂಗಳಿಗೆ ಸಾಕಾಗುವಷ್ಟು ಒಣಹಾಸನ್ನು ಕೂಡಿಡಲಿ. ಒಂದು ದನಕ್ಕೆ ದಿನಕ್ಕೆ ೪ ಕಿಲೋವಿನಂತೆ ಇದು ಅರ್ಧ ಟನ್ನಿಗೆ ತುಸು ಕಡಮೆಯಾಗುತ್ತದೆ. ಕಬ್ಬಿನ ಸೀಮೆಯಲ್ಲಿ ಕಾಲು ಎಕರೆಯ ತರಗಿಗಿಂತ ಕಡಮೆ. ಮುಂದಿನ ಬೇಸಗೆಯಲ್ಲಿ ತಮ್ಮ ಗುಂಡಿಯಿಂದ ಹೊರಡುವ ಗೊಬ್ಬರದ ಗಾಡಿಗಳನ್ನು ಹಿಂದಿನ ವರ್ಷದವುಗಳೊಡನೆ ಎಣಿಸಿ ನೋಡಿ, ಲಾಭವುಂಟೋ ಇಲ್ಲವೋ ಎಂಬುದನ್ನು ಅವರೇ ತೀರ್ಮಾನಿಸಲಿ.